ಹಾರ್ಟ್ ಅಟ್ಯಾಕ್ ಮೊದಲೇ ಹೇಳೋ ಟೆಸ್ಟ್ ಯಾವಾಗ ಬರುತ್ತೆ?

ಗೊತ್ತಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಲಿಫ್ಟಿನಲ್ಲಿ ಕೇಳಿದವರಿಗೆಲ್ಲ ಇಷ್ಟು ದಿನ ‘ಇನ್ನೂ ಕೆಲಸ ನಡೀತಿದೆ’ ಅಂತ ನಕ್ಕು ಹೇಳುತ್ತಿದ್ದೆ. ಅದಕ್ಕೆ ‘ಇಷ್ಟು ವರ್ಷ ಏನ್ ಮಾಡಿದ್ರಿ ಮತ್ತೆ?’ ಅಂತಾರೆ. ಬೇಜಾರಾಗುತ್ತದೆ. ಅದಕ್ಕೇ ಒಂದು ಸಲ ಬರೆದುಬಿಡುತ್ತೇನೆ.

ನಾನು ಹಾರ್ಟ್ ಡಾಕ್ಟರಲ್ಲ. ನನ್ನ ಕೆಲಸ ಮೈಕ್ರೋಆರ್‌ಎನ್‌ಎ ಮೇಲೆ. ಪ್ರೋಟೀನು ತಯಾರಾಗಬೇಕಾದರೆ ಜೀನಿನಿಂದ ಒಂದು ಆರ್‌ಎನ್‌ಎ ಪ್ರತಿ ಹೊರಡುತ್ತದೆ. ಸುಮಾರು 22 ಅಕ್ಷರದ ಈ ಮೈಕ್ರೋಆರ್‌ಎನ್‌ಎ ಚೂರು ಹೋಗಿ ಅದಕ್ಕೆ ಅಂಟಿಕೊಂಡು ‘ಸಾಕು, ನಿಲ್ಲಿಸು’ ಅನ್ನುತ್ತದೆ. 1993ರಲ್ಲಿ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕನ್ ಇದನ್ನು ಕಂಡಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. 2024ರಲ್ಲಿ ಅವರಿಗೆ ನೊಬೆಲ್ ಬಂತು, ನನಗೆ ಪ್ರಶ್ನೆಗಳು ಜಾಸ್ತಿಯಾದವು.

ಮೈಕ್ರೋಆರ್‌ಎನ್‌ಎಯನ್ನು ನಾವು ಚಿಕ್ಕದಾಗಿ ಮಿರ್ ಅನ್ನುತ್ತೇವೆ. ಇವುಗಳಲ್ಲಿ ಮಿರ್-208ಎ ಅನ್ನುವುದು ಹೃದಯದ ಸ್ನಾಯುವಿನದು. ಡಲ್ಲಾಸ್‌ನ ಎರಿಕ್ ಓಲ್ಸನ್ ತಂಡ ಇದನ್ನು ಇಲಿಗಳಲ್ಲಿ ತೆಗೆದುಹಾಕಿ ನೋಡಿತು. ಒತ್ತಡ ಬಿದ್ದರೂ ಆ ಇಲಿಗಳ ಹೃದಯ ಬೇರೆ ಇಲಿಗಳಂತೆ ದಪ್ಪವಾಗಲಿಲ್ಲ. ಅದು 2007ರ ಮಾತು. ಹಾರ್ಟ್ ಅಟ್ಯಾಕ್ ಆದಾಗ ಸ್ನಾಯು ಸತ್ತು, ಈ ಮಿರ್ ರಕ್ತಕ್ಕೆ ಸೋರುತ್ತದೆ. ಅಂದರೆ ಆದ ಮೇಲೆ. ಆ ಕೆಲಸವನ್ನು, ಸ್ನಾಯುವಿನಿಂದ ಸೋರಿದ ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ಟ್ರೋಪೋನಿನ್ ಟೆಸ್ಟ್ ಈಗಲೇ ಚೆನ್ನಾಗಿ ಮಾಡುತ್ತಿದೆ. ರಕ್ತದಲ್ಲಿನ ಮಿರ್ ನೋಡಿ ಆಗುವ ಮೊದಲೇ ಹೇಳುವುದು ಬೇರೆಯೇ ಕಷ್ಟ.

ಈ ಪ್ರಶ್ನೆ ನನಗೆ ನಿಜವಾಗಿ ನಾಟಿದ್ದು ದೊಡ್ಡಪ್ಪನ ತಿಥಿಯ ದಿನ. ಬೆಳಗಿನ ಜಾವ ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ಹಿತ್ತಲ ಬಾಗಿಲ ಹತ್ತಿರ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು, ‘ನೀನು ಹಾರ್ಟಿನ ಮೇಲೇ ಅಲ್ವೇನೆ ಓದಿದ್ದು? ಮೊದಲೇ ಗೊತ್ತಾಗಲಿಲ್ವಾ?’ ಅಂದರು. ಬಾಯಿಗೆ ಉತ್ತರ ಬರಲಿಲ್ಲ. ಒಳಗೆ ಹೋದರೆ ಕಪಾಟಿನ ಮೇಲೆ ಬಿಪಿ ಮಾತ್ರೆಯ ಪಟ್ಟಿ. ನಾಲ್ಕು ಮಾತ್ರೆ ಖಾಲಿ, ಆರು ಹಾಗೇ ಇದ್ದವು. ‘ಈಗ ನಾರ್ಮಲ್ ಇದೆ’ ಅಂತ ಬಿಟ್ಟಿದ್ದರಂತೆ. ಮೊದಲೇ ಗೊತ್ತಾಗಿತ್ತು ದೊಡ್ಡಮ್ಮ. ಗೊತ್ತಾಗೋಕೆ ನನ್ನ ಲ್ಯಾಬ್ ಬೇಕಿರಲಿಲ್ಲ. ಅವರಿಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ನೀವಾದರೂ ಕೇಳಿ: ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ, ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: ‘ಟೆಸ್ಟಿಗೆ ರಕ್ತ ಹೇಗೆ ತೆಗೆದ್ರಿ?’ ಕೇಳಿದರೆ ಒಂದು ಗಂಟೆ ಹೇಳುತ್ತೇನೆ. ರಕ್ತ ತಿರುಗಿಸಿ ಕಣಗಳನ್ನು ಕೆಳಗೆ ಕೂರಿಸಿದರೆ ಮೇಲೆ ನಿಲ್ಲುವ ಪ್ಲಾಸ್ಮಾ ಒಣಹುಲ್ಲಿನ ಹಳದಿ ಬಣ್ಣಕ್ಕಿರಬೇಕು. ತೆಗೆಯುವಾಗ ಸಿರಿಂಜು ಜೋರಾಗಿ ಎಳೆದರೆ ಕೆಂಪು ಕಣ ಒಡೆದು ಗುಲಾಬಿಯಾಗುತ್ತದೆ. ಆ ಕಣಗಳ ತುಂಬ ಮಿರ್-451, ಮಿರ್-16. ಅವೆಲ್ಲ ಚೆಲ್ಲಿಕೊಂಡರೆ ಕಾಯಿಲೆಯಿಂದ ಜಾಸ್ತಿಯಾಯಿತೋ, ಸೂಜಿಯಿಂದಲೋ ಹೇಗೆ ಹೇಳುವುದು? ಹೃದಯದ ರೋಗಿಗಳಿಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಕೊಟ್ಟಿರುತ್ತಾರೆ. ಅದು ಮಿರ್ ಅಳೆಯುವ ನಮ್ಮ ಪಿಸಿಆರ್ ಪರೀಕ್ಷೆಗೆ ಅಡ್ಡ ಬರುತ್ತದೆ. ರೋಗಿಗೂ ಆರೋಗ್ಯವಂತರಿಗೂ ವ್ಯತ್ಯಾಸ ಸಿಕ್ಕಿತು ಅಂತ ಕುಣಿದರೆ, ಅದು ಬರೀ ಔಷಧಿಯ ವ್ಯತ್ಯಾಸ ಆಗಿರಬಹುದು.

ಅದಕ್ಕೇ ಪ್ರತಿ ಸ್ಯಾಂಪಲ್‌ಗೂ ಮೊದಲು ಹೇಳಿದ ಆ ಮಿಲಿಮೀಟರ್ ಹುಳುವಿನ ಮಿರ್-39 ಅಳೆದು ಹಾಕುತ್ತೇವೆ. ಮನುಷ್ಯರಲ್ಲಿ ಅದು ಇಲ್ಲ. ಹಾಕಿದ್ದು ಸರಿಯಾಗಿ ವಾಪಸ್ ಸಿಗದಿದ್ದರೆ ನಮ್ಮ ಕೈಯಲ್ಲೇ ಎಲ್ಲೋ ತಪ್ಪಾಗಿದೆ. ‘ಇಷ್ಟು ವರ್ಷ ಏನ್ ಮಾಡಿದ್ರಿ’ ಅಂದಿರಲ್ವಾ, ಇದನ್ನೇ ಮಾಡಿದ್ದು. ತಪ್ಪು ಟೆಸ್ಟ್ ನಿಮ್ಮ ಕೈಗೆ ಬರದ ಹಾಗೆ ನೋಡಿಕೊಳ್ಳುವುದೂ ಕೆಲಸವೇ.

ಮೊನ್ನೆ ಸೋಮವಾರ ಹನ್ನೆರಡು ಟ್ಯೂಬ್ ಬಂದವು. ಬೆಳಕಿಗೆ ಹಿಡಿದು ನೋಡಿದೆ, ಮೂರು ಗುಲಾಬಿ. ‘ನರ ಸಿಗಲಿಲ್ಲ ಮೇಡಂ, ಎರಡು ಸಲ ಚುಚ್ಚಬೇಕಾಯ್ತು’ ಅಂದರು ಸಿಸ್ಟರ್. ಒಂದರ ಚೀಟಿಯಲ್ಲಿ ವಯಸ್ಸು 61. ದೊಡ್ಡಪ್ಪನ ವಯಸ್ಸು. ಮೂರನ್ನೂ ಪಕ್ಕಕ್ಕಿಟ್ಟೆ.