ಲೆಂಡಲ್ ಜೇಬಿನ ಮರದ ಹೊಟ್ಟು

ಸಂಜೆ ಟೆನಿಸ್ ಆಟಗಾರ ಇವಾನ್ ಲೆಂಡಲ್‌ನ ಹಳೇ ಮ್ಯಾಚೊಂದು ಹಾಕಿಕೊಂಡು ಕೂತಿದ್ದೆ. ಪಾಯಿಂಟ್ ಮುಗಿದ ಕೂಡಲೇ ಕೈ ಜೇಬಿಗೆ ಹೋಗುತ್ತೆ.
ಅಲ್ಲಿರೋದು ಮರದ ಹೊಟ್ಟು. ಬೆವರಿಗೆ ಹಿಡಿ ಜಾರಿದ್ರೆ ರ‍್ಯಾಕೆಟ್ ಮುಖ ಒಂಚೂರು ತಿರುಗುತ್ತೆ, ಫೋರ್‌ಹ್ಯಾಂಡ್ ಗೆರೆ ದಾಟುತ್ತೆ.

ಚೆಂಡು ಬದಲಾಗೋದು ಮೊದಲು 7 ಗೇಮಿಗೆ, ಆಮೇಲೆ ಪ್ರತಿ 9ಕ್ಕೆ. ಅವನು ಆಗ ರ‍್ಯಾಕೆಟ್ಟನ್ನೂ ಬದಲಿಸ್ತಿದ್ದ. ಹೊಡೆದೂ ಹೊಡೆದೂ ತಂತಿ ಸಡಿಲಾಗುತ್ತಲ್ಲ, ಹೊಸ ಚೆಂಡು ಅದರ ಮೇಲೆ ಹತೋಟಿಗೆ ಸಿಗಲ್ಲ.

ಇಂಥವನೂ ಮೊದಲ 4 ಗ್ರ್ಯಾಂಡ್‌ಸ್ಲಾಮ್ ಫೈನಲ್ ಸೋತ! ಆಮೇಲೆ 1984ರಲ್ಲಿ ಪ್ಯಾರಿಸ್‌ನ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಮೆಕೆನ್ರೋಗೆ ಎರಡು ಸೆಟ್ ಬಿಟ್ಟುಕೊಟ್ಟೂ ಗೆದ್ದ.

ಬ್ರಿಟನ್ನಿನ ಆಟಗಾರ ಆಂಡಿ ಮರ್ರೆಯದೂ ಅದೇ ಲೆಕ್ಕ, ಮೊದಲ 4 ಫೈನಲ್, 4 ಸೋಲು. ಅವನಿಗೆ ಇಂಥ ಕೋಚೇ ಬೇಕಿತ್ತು ಅನ್ಸುತ್ತೆ. 2012ರಲ್ಲಿ ಲೆಂಡಲ್ ಜೊತೆಯಾದ, ಅದೇ ವರ್ಷ ಯುಎಸ್ ಓಪನ್ ಬಂತು. 2013ರಲ್ಲಿ ವಿಂಬಲ್ಡನ್, ಲೆಂಡಲ್ ಎರಡು ಸಲ ಫೈನಲ್ ಆಡಿಯೂ ಎತ್ತಲಾಗದ ಕಪ್.