ಎತ್ತುಗಳಿದ್ದ ಕಾಲದಲ್ಲಿ ಕೈಗಾಡಿ ಯಾಕೆ?

ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥ ಮಾರ್ಮನ್ನರ ವಲಸೆಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ: "ಎತ್ತಿನ ಗಾಡಿ ಇತ್ತಲ್ವಾ? ಮತ್ತೆ ಆ ಜನ 2,000 ಕಿಲೋಮೀಟರ್ ಕೈಗಾಡಿ ಯಾಕೆ ಎಳೆದರು?"

ದುಡ್ಡಿರಲಿಲ್ಲ, ಅದಕ್ಕೆ.

ಮೊದಲು ಹೋದವರು ಎತ್ತು, ಕುದುರೆಗಳ ಗಾಡಿಯಲ್ಲೇ ಹೋದರು. ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನನ್ನು 1844ರಲ್ಲಿ ಜೈಲಿಗೆ ನುಗ್ಗಿದ ಗುಂಪೊಂದು ಕೊಂದಿತು. 1846ರಲ್ಲಿ ಮಾರ್ಮನ್ನರು ಇಲಿನಾಯ್ ರಾಜ್ಯದ ತಮ್ಮ ಊರು ನೌವೂ ಬಿಟ್ಟು ಹೊರಟರು. ಮರುವರ್ಷ ಜುಲೈನಲ್ಲಿ, ಸ್ಮಿತ್ ನಂತರ ಮುಖಂಡನಾದ ಬ್ರಿಗಮ್ ಯಂಗ್ ಜೊತೆಗಿದ್ದ ಮೊದಲ ತಂಡ ಈಗಿನ ಯೂಟಾದ ಸಾಲ್ಟ್ ಲೇಕ್ ಕಣಿವೆ ಮುಟ್ಟಿತು. ಆಮೇಲೆ ಇಂಗ್ಲೆಂಡ್, ಡೆನ್ಮಾರ್ಕ್ ಕಡೆಯಿಂದ ಪಂಥ ಸೇರಿದ ಬಡ ಕೂಲಿಗಳು ಹಡಗು ಹತ್ತಿ ಬರತೊಡಗಿದರು. ಅವರಿಗೆ ದಾರಿಖರ್ಚಿಗೆ ಸಾಲ ಕೊಡಲು 1849ರಲ್ಲೇ ಒಂದು ನಿಧಿ ಇತ್ತು. 1855ರಲ್ಲಿ ಮಿಡತೆಗಳು ಯೂಟಾದ ಬೆಳೆ ತಿಂದುಹಾಕಿದವು, ನಿಧಿಯೂ ಸೊರಗಿತು. ಆಗ ಬಂದ ಯೋಚನೆ ಕೈಗಾಡಿ. ದೊಡ್ಡವರಿಗೆ ತಲೆಗೆ 17 ಪೌಂಡ್ ಸಾಮಾನು. ಅಂದರೆ ಬಟ್ಟೆ ಹಾಸಿಗೆ ಎಲ್ಲ ಸೇರಿ ಎಂಟು ಕಿಲೋನೂ ಇಲ್ಲ.

ಹುಚ್ಚು ಯೋಚನೆ ಅಂತ ಸುಮ್ನೆ ತಳ್ಳಿಹಾಕಬೇಡಿ. 1856ರಲ್ಲಿ ಬೇಗ ಹೊರಟ ಮೂರು ತಂಡಗಳು ಅಕ್ಟೋಬರ್ ಶುರುವಾಗುವ ಹೊತ್ತಿಗೆ ಊರು ಸೇರಿದ್ದವು.

ಸತ್ತವರು ಜಾಸ್ತಿ ಇದ್ದದ್ದು ಕೊನೆಯ ಎರಡು ತಂಡಗಳಲ್ಲಿ, ವಿಲ್ಲಿ ಮತ್ತು ಮಾರ್ಟಿನ್ ತಂಡಗಳಲ್ಲಿ. ಅವರ ಹಡಗುಗಳೇ ತಡ. ಕೈಗಾಡಿ ಪಯಣ ಶುರುವಾಗುತ್ತಿದ್ದ ಅಯೋವಾ ಸಿಟಿಗೆ ಬಂದರೆ ಗಾಡಿಗಳು ಸಿದ್ಧವಿಲ್ಲ. ಅವಸರದಲ್ಲಿ ಹಸಿ ಮರದಿಂದ ಮಾಡಿದರು. ಬಯಲಿನ ಒಣಗಾಳಿಗೆ ಚಕ್ರಗಳು ಕುಗ್ಗಿ ಬಿರುಕು ಬಿಟ್ಟವು. ಅಚ್ಚಿಗೆ ಕೀಲೆಣ್ಣೆ ಸಾಲದೆ ತಿನ್ನಲು ಇಟ್ಟಿದ್ದ ಹಂದಿಮಾಂಸದ ಕೊಬ್ಬನ್ನೇ ಸವರಿದರು. ನೆಬ್ರಾಸ್ಕಾದ ಫ್ಲಾರೆನ್ಸ್ ತಲುಪುವಾಗ ಆಗಸ್ಟ್. ಅಲ್ಲಿ ವಿಲ್ಲಿ ತಂಡದ ಸಭೆ ಸೇರಿತು. ಆ ದಾರಿ ತುಳಿದಿದ್ದ ಲೆವಿ ಸ್ಯಾವೇಜ್ ಎದ್ದು, ಈಗ ಹೊರಟರೆ ಮುದುಕರೂ ಮಕ್ಕಳೂ ಉಳಿಯುವುದಿಲ್ಲ, ಚಳಿಗಾಲ ಇಲ್ಲೇ ಕಳೆಯೋಣ ಎಂದ. ಜನ ಹೊರಡಲು ಕೈ ಎತ್ತಿದರು. ಅವನೂ ಅವರ ಜೊತೆಗೇ ನಡೆದ. ನನಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಮನುಷ್ಯ ಅವನೇ.

ಅಕ್ಟೋಬರ್ 19ಕ್ಕೆ ಈಗಿನ ವಯೋಮಿಂಗ್‌ನಲ್ಲಿ ಹಿಮ ಸುರಿಯಿತು. ಹಿಟ್ಟು ಮುಗಿಯುತ್ತಾ ಬಂದಿತ್ತು. ಹಾಸಿಗೆ ಭಾರವಾಯಿತೆಂದು ಮಾರ್ಟಿನ್ ತಂಡದವರು ಕಂಬಳಿಗಳನ್ನು ಹಿಂದೆಯೇ ಬಿಟ್ಟಿದ್ದರು. ಇವರು ಇನ್ನೂ ದಾರಿಯಲ್ಲೇ ಇದ್ದಾರೆಂದು ತಿಳಿದ ಬ್ರಿಗಮ್ ಯಂಗ್ ಅದೇ ತಿಂಗಳ 5ರಂದು ಸಭೆಯಲ್ಲಿ ಗಾಡಿ, ಹೇಸರಗತ್ತೆ, ಹಿಟ್ಟು ಕೇಳಿದ್ದ. ಎರಡು ದಿನಕ್ಕೆ ನೆರವು ಹೊರಟಿತು. ಆದರೂ ಸುಮಾರು ಸಾವಿರ ಜನರಲ್ಲಿ 200ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರನ್ನು ಕೊಂದದ್ದು ಕೈಗಾಡಿಗಿಂತ ಹೆಚ್ಚಾಗಿ ತಡ. ಆಗಸ್ಟ್‌ನಲ್ಲಿ ಅವರನ್ನು ಹೊರಡಲು ಬಿಟ್ಟ ಮುಖಂಡರ ಮೇಲೆಯೇ ಆ ಹೊಣೆ ಅಂತ ನಾನು ಹೇಳುತ್ತೇನೆ.

ಕೈಗಾಡಿ 1860ರ ತನಕ ನಡೆಯಿತು. ಒಟ್ಟು ಹತ್ತು ತಂಡ, ಸುಮಾರು 3,000 ಜನ. 1861ರಿಂದ ಯೂಟಾದವರೇ ವಸಂತದಲ್ಲಿ ಎತ್ತಿನ ಗಾಡಿಗಳನ್ನು ಮಿಸೌರಿ ನದಿಗೆ ಕಳಿಸಿ, ಬಡವರನ್ನು ಕೂರಿಸಿಕೊಂಡು ಹಿಮ ಬೀಳುವ ಮೊದಲೇ ವಾಪಸ್ ಬರತೊಡಗಿದರು.