ಪಾಗಾರದ ಮೇಲಿನ ಜಿಗಿಜೇಡಕ್ಕೆ ಕಾಣುವುದೇನು?

ಧಾರವಾಡದ ಹಳೇ ಮನೆಗಳ ಪಾಗಾರಕ್ಕೆ ಬೆಳಗಿನ ಬಿಸಿಲು ಬಿದ್ದ ಮೇಲೆ ಹುಡುಕಿ. ಒಂದು ಸೆಂಟಿಮೀಟರಿನಷ್ಟೇ ಉದ್ದದ ಬೂದು ಜಿಗಿಜೇಡ ಸಿಗುತ್ತದೆ. ಬಲೆ ಹೆಣೆದು ಕಾಯುವ ಜಾತಿಯಲ್ಲ ಇದು. ನೊಣದ ದೂರವನ್ನು ಕಣ್ಣಲ್ಲೇ ಅಳೆದು ಹಾರಿ ಹಿಡಿಯುತ್ತದೆ.

ಅದರ ಮಗ್ಗುಲಿಗೆ ಒಂದು ಗೇಣು ದೂರದಲ್ಲಿ ಬೆರಳು ಆಡಿಸಿ. ತಟ್ಟನೆ ತಿರುಗಿ ನಿಮ್ಮನ್ನೇ ನೋಡುತ್ತದೆ. ಬೆರಳು ಜೋರಾಗಿ ಬಂದರೆ ಅಥವಾ ನಿಮ್ಮ ನೆರಳು ಮೈಮೇಲೆ ಬಿದ್ದರೆ ಬಿರುಕಿಗೆ ಸೇರಿಬಿಡುತ್ತದೆ, ಅದಕ್ಕೇ ಬಿಸಿಲು ಪಕ್ಕದಿಂದ ಬರುವಂತೆ ನಿಲ್ಲಬೇಕು. ಬೆರಳನ್ನು ಮೊದಲು ಕಂಡದ್ದು ಎದುರಿನ ಎರಡು ದೊಡ್ಡ ಕಣ್ಣುಗಳಲ್ಲ, ಬದಿಯ ಸಣ್ಣ ಕಣ್ಣುಗಳು. ಸುತ್ತಲೂ ಎಲ್ಲಿ ಏನು ಅಲುಗಿತು ಎಂದು ತಿಳಿಸುವುದು ಅವುಗಳ ಕೆಲಸ. ಅದು ಏನು ಎಂದು ಬಿಡಿಸಿ ನೋಡುವ ಕೆಲಸ ಎದುರಿನವುಗಳದ್ದು. ದೊಡ್ಡ ಕಣ್ಣಿನ ಪಕ್ಕದ ಜೋಡಿಯನ್ನು ಮುಚ್ಚಿದರೆ ದೊಡ್ಡ ಕಣ್ಣುಗಳಿಗೆ ಓಡಾಡುವ ವಸ್ತುವಿನ ಜಾಡು ಹಿಡಿಯಲಾಗುವುದಿಲ್ಲ ಎಂದು ಪ್ರಯೋಗದಲ್ಲಿ ಕಂಡಿದೆ.

ಆ ದೊಡ್ಡ ಕಣ್ಣಿನ ರಚನೆಯೇ ಬೆರಗು ಹುಟ್ಟಿಸುವಂಥದ್ದು. ಮಸೂರ ತಲೆಚಿಪ್ಪಿಗೆ ಅಂಟಿಕೊಂಡಿದೆ, ಅಲುಗದು. ಹಿಂದೆ ಉದ್ದನೆಯ ನಳಿಗೆ, ಅದರ ತುದಿಯಲ್ಲಿ ಕಿರಿದಾದ ಪಟ್ಟಿಯಂಥ ರೆಟಿನಾ, ಅಂದರೆ ಬೆಳಕನ್ನು ಗ್ರಹಿಸುವ ಪರದೆ. ಒಂದು ಸಲಕ್ಕೆ ಅಡ್ಡಲಾಗಿ ಕಾಣುವುದು ಕೆಲವೇ ಡಿಗ್ರಿ. ಆರು ಸ್ನಾಯುಗಳು ಆ ನಳಿಗೆಯನ್ನು ಅತ್ತಿತ್ತ ಸರಿಸಿ, ಮೆಲ್ಲಗೆ ತಿರುಗಿಸಿ, ಎದುರಿನ ವಸ್ತುವನ್ನು ತುಣುಕು ತುಣುಕಾಗಿ ಸವರುತ್ತವೆ. 1969ರಲ್ಲಿ ಬ್ರಿಟಿಷ್ ಜೀವವಿಜ್ಞಾನಿ ಮೈಕೆಲ್ ಲ್ಯಾಂಡ್ ಇದನ್ನು ವಿವರವಾಗಿ ಬರೆದರು. ಮೊಬೈಲಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ, ಫ್ಲ್ಯಾಶ್ ಆರಿಸಿ ವಿಡಿಯೋ ತೆಗೆಯಿರಿ. ನೇರ ನಿಮ್ಮನ್ನು ನೋಡುವಾಗ ಕಣ್ಣು ಕಡುಗಪ್ಪು. ನಳಿಗೆ ಸರಿದಾಗ ಕಂದು ಛಾಯೆ. ಫ್ಲ್ಯಾಶ್ ಹಾಕಿದರೆ ಕಣ್ಣಿನಲ್ಲಿ ಬಿಳಿ ಚುಕ್ಕೆ ಹೊಳೆದು ಈ ಬಣ್ಣವೇ ಮರೆಯಾಗುತ್ತದೆ.

ಮಿದುಳಿನೊಳಗೆ ಇಣುಕುವುದು ಬಹಳ ಕಾಲ ಆಗಿರಲಿಲ್ಲ. ಜೇಡ ಕಾಲು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ. ಚಿಪ್ಪು ಕೊಯ್ದರೆ ದ್ರವ ಸೋರಿ ಸಾಯುತ್ತದೆ. 2014ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ತಾನಾಗಿಯೇ ಮುಚ್ಚಿಕೊಳ್ಳುವಷ್ಟು ಸಣ್ಣ ತೂತು ಮಾಡಿ, ಕೂದಲಿನಂಥ ಟಂಗ್‌ಸ್ಟನ್ ತಂತಿ ಇಳಿಸಿ ನರಕೋಶಗಳ ಸಂಕೇತ ದಾಖಲಿಸಿದರು.

ಇನ್ನು ದೂರದ ಲೆಕ್ಕ. ದೊಡ್ಡ ಕಣ್ಣಿನ ರೆಟಿನಾದಲ್ಲಿ ನಾಲ್ಕು ಪದರ. ತಳದ ಎರಡೂ ಹಸಿರು ಬೆಳಕಿಗೆ ಸ್ಪಂದಿಸುತ್ತವೆ: ಒಂದರಲ್ಲಿ ಚಿತ್ರ ಸ್ಪಷ್ಟ, ಇನ್ನೊಂದರಲ್ಲಿ ಮಸುಕು. ಮಸುಕು ಎಷ್ಟು ಎಂಬುದರಿಂದಲೇ ದೂರದ ಅಂದಾಜು. ಕೆಂಪು ಬೆಳಕು ಮಸೂರದಲ್ಲಿ ಕಡಿಮೆ ಬಾಗಿ ಆ ಮಸುಕನ್ನು ಹೆಚ್ಚಿಸುತ್ತದೆ, ಬೇಟೆ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. 2012ರಲ್ಲಿ ಜಪಾನಿನ ವಿಜ್ಞಾನಿಗಳು ಬರೀ ಕೆಂಪು ಬೆಳಕಿನಲ್ಲಿ ಬಿಟ್ಟ ಜೇಡಗಳು ಬೇಟೆಗೆ ಮುಟ್ಟದೆ ಈಚೆಯೇ ಬಿದ್ದವು.